ಪಸ್ತಾಪುರದ ಕ್ಯಾಮೆರಾ, ಮಾಚನೂರಿನ ಜಾತ್ರೆ

ಹುಮನಾಬಾದಿನಿಂದ ಹೈದರಾಬಾದ್ ದಾರಿ ಹಿಡಿದರೆ ಗಡಿ ದಾಟಿದ ಮೇಲೆ ಸಿಗುವ ಮೊದಲ ದೊಡ್ಡ ಊರು ಜಹೀರಾಬಾದ್. ಬೀದರ್ ಜಿಲ್ಲೆಯವರಿಗೆ ಅದು ಬೇರೆ ರಾಜ್ಯ ಅನ್ನಿಸುವುದು ಅಂಗಡಿಗಳ ಬೋರ್ಡು ಓದುವಾಗ ಮಾತ್ರ. ಹೆಣ್ಣು ಕೊಟ್ಟು ತಂದ ನಂಟು ಎರಡೂ ಕಡೆಗಿದೆ. ಝರಾಸಂಗಮದ ಕೇತಕಿ ಸಂಗಮೇಶ್ವರನಿಗೆ ನಡೆದುಕೊಳ್ಳುವ ಮನೆಗಳು ಗಡಿಯ ಈಚೆಗೂ ಬೇಕಾದಷ್ಟಿವೆ. ಸಂತೆಯಲ್ಲಿ ಕೂತರೆ ತೆಲುಗು, ಕನ್ನಡ, ದಖನಿ ಮೂರೂ ಒಂದೇ ಬಾಯಲ್ಲಿ ಕೇಳಿಸುತ್ತವೆ.

2000ದ ಆಚೀಚೆ ಹುಮನಾಬಾದಿನಲ್ಲಿ ವಿಡಿಯೊ ಅಂಗಡಿ ಇಟ್ಟಿದ್ದ ಯುವಕನೊಬ್ಬ ಆ ದಾರಿಯಲ್ಲಿ ಓಡಾಡುತ್ತಿದ್ದುದು ಮದುವೆಗಳಿಗಾಗಿ. ಹೆಗಲ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಸನ್‌ಗನ್ ಲೈಟು ಹಿಡಿಯುವ ಹುಡುಗ, ತಾಳಿ ಕಟ್ಟುವ ಹೊತ್ತಿಗೆ ಜನರ ತಲೆಯ ಮೇಲಿಂದ ತೆಗೆಯಲು ಒಂದು ಸ್ಟೂಲು. ಆಮೇಲೆ ಹೈದರಾಬಾದಿಗೆ ಹೋಗಿ ಮಿಕ್ಸಿಂಗ್ ಮಾಡಿಸಿ, ಹೂವು ಉದುರುವ ಗ್ರಾಫಿಕ್ಸ್ ಹಾಕಿಸಿ ಕ್ಯಾಸೆಟ್ ಕೊಟ್ಟರೆ ಕೆಲಸ ಮುಗಿಯಿತು. ಕಸುಬು ಚೆನ್ನಾಗಿ ಗೊತ್ತಿತ್ತು, ಸಂಪಾದನೆಯೂ ಇತ್ತು. ಗಡಿಯ ಹಳ್ಳಿಯಲ್ಲಿ ಒಕ್ಕಲುತನ ಮಾಡುತ್ತಿದ್ದ ಸೋದರಮಾವ ಒಂದು ಸಂಕ್ರಾಂತಿಯ ಮುಂದೆ ಹೇಳಿದ ಮಾತು ಅವನನ್ನು ಬೇರೆ ಕಡೆಗೆ ಎಳೆಯಿತು: “ಅಳಿಯಾ, ಪಸ್ತಾಪುರದ ಕಡೆ ಹೆಣ್ಮಕ್ಕಳೇ ಸಿನಿಮಾ ತೆಗೀಲಾಕತ್ತಾರ. ಕೂಲಿ ಮಾಡೋ ಹೆಣ್ಮಕ್ಕಳು. ಬೀಜದ ಜಾತ್ರಿ ಮಾಡಿ ಊರೂರಿಗೆ ತೋರಸ್ತಾರ. ಒಮ್ಮೆ ನೋಡಿ ಬಾ.”

ಜಾತ್ರೆ ಆಗ ಇನ್ನೂ ಹೊಸದು. ಅವನು ಜಹೀರಾಬಾದ್ ಕಡೆಯ ಮಾಚನೂರಿಗೆ ಹೋದದ್ದು ಬೀಜದ ಬಂಡಿಗಳು ಊರೂರು ಸುತ್ತಿ ಸಮಾರೋಪಕ್ಕೆ ಬರುವ ಹೊತ್ತಿಗೆ.

ಈ ಜಾತ್ರೆಯ ಹಿಂದಿದ್ದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಈ ಪ್ರದೇಶದಲ್ಲಿ ಕೆಲಸ ಶುರುಮಾಡಿದ್ದು 1983ರಲ್ಲಿ. ಹಳ್ಳಿಗೊಂದರಂತೆ ಮಹಿಳೆಯರ ಸಂಘ. ಬರಬರುತ್ತ ಸುಮಾರು 75 ಹಳ್ಳಿಗಳು, ಐದು ಸಾವಿರದಷ್ಟು ಸದಸ್ಯೆಯರು. ಹೆಚ್ಚಿನವರು ದಲಿತರು, ಇದ್ದರೆ ಎಕರೆ ಎರಡೆಕರೆ ಕೆಂಪು ಕಲ್ಲು ನೆಲ, ಇಲ್ಲವಾದರೆ ಬೇರೆಯವರ ಹೊಲದಲ್ಲಿ ಕೂಲಿ. ಅದೇ 1983ರಲ್ಲಿ, ಆಗ ಈ ಪ್ರದೇಶವೂ ಸೇರಿದ್ದ ಆಂಧ್ರಪ್ರದೇಶದಲ್ಲಿ ಕಿಲೋಗೆ ಎರಡು ರೂಪಾಯಿಯ ಅಕ್ಕಿ ಬಂತು. ಬಡವರ ಹೊಟ್ಟೆಗೆ ಅದು ಆಸರೆಯಾದದ್ದು ನಿಜ. ಆದರೆ ಜೋಳ, ಸಜ್ಜೆ, ನವಣೆ, ಸಾವೆ ಬೆಳೆಯುತ್ತಿದ್ದ ಒಣಭೂಮಿಗೆ ಕೇಳುವವರು ಕಡಿಮೆಯಾದರು. ಎಷ್ಟೋ ಹೊಲ ಬೀಳುಬಿದ್ದವು. ಸಂಘದ ಹೆಂಗಸರು ಆ ಬೀಳು ನೆಲವನ್ನೇ ಮತ್ತೆ ಉತ್ತು, ಬಿತ್ತಿ, ಬಂದ ಜೋಳವನ್ನು ಊರಲ್ಲೇ ಕಣಜ ಮಾಡಿ, ಊರಿನ ಬಡವರಿಗೇ ಕಡಿಮೆ ಬೆಲೆಗೆ ಹಂಚುವ ತಮ್ಮದೇ ಪಡಿತರ ಕಟ್ಟಿದರು. ಯಾವ ಮನೆಗೆ ಕಾರ್ಡು ಅನ್ನುವುದನ್ನೂ ಊರವರೇ ಕೂತು ತೀರ್ಮಾನಿಸುತ್ತಿದ್ದರು.

ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ 1945ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ದೆಹಲಿಯ ಭಾರತೀಯ ಜನಸಂವಹನ ಸಂಸ್ಥೆಯಲ್ಲಿ ಓದಿ, ದೂರದರ್ಶನದಲ್ಲಿ ಸುಮಾರು ಎರಡು ದಶಕ ಕಾರ್ಯಕ್ರಮ ತಯಾರಿಸಿದವರು. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲೂ ದುಡಿದಿದ್ದರು. ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ತಲುಪಿಸಿದ ಪ್ರಯೋಗ ಅದು. ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಶಾಲೆಯ ಮುಂದೆ ಟಿವಿ ಇಟ್ಟು ಊರಿಗೆ ಊರೇ ಕೂತು ನೋಡಿದ್ದನ್ನು ನೆನೆಯುವ ಹಿರಿಯರು ಕಲಬುರಗಿ ಕಡೆ ಈಗಲೂ ಇದ್ದಾರೆ. ಆದರೆ ಆ ಪರದೆಯಲ್ಲಿ ಮಾತು ಒಂದೇ ದಿಕ್ಕಿಗೆ ಹರಿಯುತ್ತಿತ್ತು. ಹೇಗೆ ಬಿತ್ತಬೇಕು, ಏನು ತಿನ್ನಬೇಕು ಎಂದು ಸ್ಟುಡಿಯೊ ಹೇಳುತ್ತಿತ್ತು, ಹಳ್ಳಿ ಕೇಳುತ್ತಿತ್ತು. ಹಳ್ಳಿಗೇ ಹೇಳುವುದಿದ್ದರೆ? ಸತೀಶ್ ದೂರದರ್ಶನ ಬಿಟ್ಟು ಬಂದ ಮೇಲೆ ಹಿಡಿದ ಕೆಲಸಗಳಲ್ಲಿ ಈ ಪ್ರಶ್ನೆಯೂ ಒಂದು.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಸಂಘದ ಕೆಲವು ಹೆಂಗಸರ ಕೈಗೆ ವಿಡಿಯೊ ಕ್ಯಾಮೆರಾ ಬಂತು. ಅವರಲ್ಲಿ ಅನೇಕರಿಗೆ ಓದು ಬರಹ ಬಾರದು. ಹಗಲೆಲ್ಲ ಹೊಲದ ಕೆಲಸ, ಸಂಜೆ ಮನೆಯ ಕೆಲಸ, ನಡುವೆ ತರಬೇತಿ. ಹಾಳೆಯ ಮೇಲಿನ ಪಾಠ ಇಲ್ಲದಿದ್ದುದರಿಂದ ಗುಂಡಿಗಳನ್ನು ಬೆರಳಿನಿಂದ ಗುರುತು ಹಿಡಿದು, ತೆಗೆದದ್ದನ್ನು ಮತ್ತೆ ಮತ್ತೆ ನೋಡಿ, ಒಬ್ಬರ ಚಿತ್ರವನ್ನು ಇನ್ನೊಬ್ಬರು ತಿದ್ದುತ್ತ ಕಲಿತರು. 2001ರಲ್ಲಿ ಅವರದೇ ‘ಸಮುದಾಯ ಮಾಧ್ಯಮ ಟ್ರಸ್ಟ್’ ಆಯಿತು. ಹುಮ್ನಾಪುರದ ಲಕ್ಷ್ಮಮ್ಮ, ಪಸ್ತಾಪುರದ ಚಿನ್ನ ನರಸಮ್ಮ ಮುಂದೆ ದೇಶವಿದೇಶದ ಸಭೆಗಳಲ್ಲಿ ತಮ್ಮ ಸಿನಿಮಾಗಳ ಬಗ್ಗೆ ಮಾತಾಡಿದ್ದು ಈ ಗುಂಪಿನಿಂದಲೇ ಹೋಗಿ.

ಹುಮನಾಬಾದಿನ ಯುವಕ ಆ ದಿನ ಮಾಚನೂರಿನಲ್ಲಿ ಮೊದಲು ನೋಡಿದ್ದು ಜಾತ್ರೆಯನ್ನಲ್ಲ, ಕ್ಯಾಮೆರಾ ಹಿಡಿದ ಒಬ್ಬ ಹೆಂಗಸನ್ನು. ನೆರಳಲ್ಲಿ ಮುದುಕಿಯೊಬ್ಬರು ಮೊರದ ತುಂಬ ನವಣೆ ಹಾಕಿಕೊಂಡು ಕೇರುತ್ತಿದ್ದರು. ಕ್ಯಾಮೆರಾದವಳು ಸೆರಗು ಸೊಂಟಕ್ಕೆ ಸಿಗಿಸಿ, ಅವರ ಎದುರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತೆಗೆಯುತ್ತಿದ್ದಳು. ತೆಗೆಯುತ್ತಲೇ ಮಾತು: ಯಾವ ಹೊಲದ್ದು, ಯಾರ ಮನೆಯಿಂದ ಬಂದ ಬೀಜ, ಮಳೆ ತಡವಾದರೆ ಹೇಗೆ. ಮುದುಕಿ ಒಮ್ಮೆಯೂ ಲೆನ್ಸಿನ ಕಡೆ ಕಣ್ಣು ಹಾಯಿಸಲಿಲ್ಲ. ಗೆಳತಿಯ ಜೊತೆ ಮಾತಾಡುವ ಹಾಗೆ ಮಾತಾಡಿದರು. ಮದುವೆ ಮನೆಗಳಲ್ಲಿ ಲೈಟು ಬಿದ್ದ ಕೂಡಲೇ ಸೆರಗು ಎಳೆದು ಗೋಡೆಗೆ ಅಂಟಿಕೊಳ್ಳುವ ಅಜ್ಜಿಯಂದಿರನ್ನು ನೋಡಿದ್ದವನಿಗೆ ಇದು ಅಚ್ಚರಿ. ಕೆಲಸ ಮುಗಿದ ಮೇಲೆ ಹತ್ತಿರ ಹೋಗಿ, ಕೂತೇ ಯಾಕೆ ತೆಗೆದಿರಿ ಎಂದು ಕೇಳಿದ. ಗಡಿ ಊರಿನ ಹೆಣ್ಣುಮಗಳು. ಅವಳಿಗೆ ಕನ್ನಡ ಬರುತ್ತಿತ್ತು.

“ಆಯಿ ಕುಂತಾಳಲ್ಲ ತಮ್ಮಾ, ಅದಕ್ಕ ನಾನೂ ಕುಂತೆ. ನಿಂತು ತಗದ್ರ ಪಟೇಲ ನೋಡಿದಂಗ ಕಾಣ್ತದ.”

ಈ ಹೆಂಗಸರು ಕ್ಯಾಮೆರಾದ ಕೋನಗಳಿಗೆ ತಮ್ಮ ಬಾಳಿನಿಂದಲೇ ಹೆಸರು ಕೊಟ್ಟಿದ್ದರು. ಎತ್ತರದಿಂದ ಕೆಳಗೆ ನೋಡುವುದು ಪಟೇಲ ಶಾಟ್: ಗದ್ದುಗೆಯ ಮೇಲಿಂದ ಊರ ಗೌಡ ಆಳುಗಳನ್ನು ನೋಡುವ ನೋಟ. ಕೆಳಗಿನಿಂದ ಮೇಲಕ್ಕೆ ನೋಡುವುದು ಜೀತದವರ ಶಾಟ್: ನೆಲದ ಮೇಲೆ ಕೂತ ಜೀತದಾಳು ಧಣಿಯ ಮುಖ ನೋಡುವ ನೋಟ. ಕಣ್ಣಿಗೆ ಕಣ್ಣು ಸರಿಯಾಗಿ ಇಟ್ಟು ತೆಗೆಯುವುದು ಸಂಘಂ ಶಾಟ್. ಸಂಘದ ಸಭೆಯಲ್ಲಿ ಎಲ್ಲರೂ ನೆಲದ ಮೇಲೆ ಸುತ್ತ ಕೂರುತ್ತಾರೆ, ಅಲ್ಲಿ ಮೇಲೆ ಕೆಳಗೆ ಇಲ್ಲ. ತಮ್ಮ ಸಿನಿಮಾದಲ್ಲಿ ತಮ್ಮವರನ್ನು ತೋರಿಸುವುದಿದ್ದರೆ ಸಂಘಂ ಶಾಟೇ ಆಗಬೇಕು ಎಂಬುದು ಅವರ ನಿಯಮ. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದುವವರೂ ಇದೇ ಮೂರು ಕೋನಗಳನ್ನು ಕಲಿಯುತ್ತಾರೆ. ಆದರೆ ಪಟೇಲನ ಎದುರು ನಿಂತ ಬೆನ್ನು ಹೇಗೆ ಬಾಗುತ್ತದೆ ಎಂದು ಮೈಯಿಂದ ಬಲ್ಲವರು ಆ ಕೋನವನ್ನು ಆರಿಸುವಾಗ ಅದರ ಬೆಲೆಯೇ ಬೇರೆ.

ಜಾತ್ರೆಯ ಕಥೆ ಇನ್ನೊಂದು. ತೆಲುಗಿನಲ್ಲಿ ಅದು ‘ಪಾತ ಪಂಟಲ ಜಾತರ’, ಹಳೆಯ ಬೆಳೆಗಳ ಜಾತ್ರೆ. ಪ್ರತಿ ವರ್ಷ ಸಂಕ್ರಾಂತಿಯ ಸುಮಾರಿಗೆ ಎತ್ತಿನ ಬಂಡಿಗಳು ಹೊರಡುತ್ತವೆ. ಮಾವಿನ ತೋರಣ, ಬಣ್ಣದ ಕಾಗದ, ಜೋಳದ ತೆನೆಗಳ ಅಲಂಕಾರ. ಬಂಡಿಯ ತುಂಬ ಮಣ್ಣಿನ ಮಡಕೆಗಳು, ಮಡಕೆಗಳಲ್ಲಿ ಬೀಜ: ಬಿಳಿಜೋಳ, ಕೆಂಪುಜೋಳ, ಸಜ್ಜೆ, ನವಣೆ, ಹಾರಕ, ತೊಗರಿ, ಅವರೆ, ಅಲಸಂದೆ, ಹುರುಳಿ, ಕಡಲೆ, ಕುಸುಬೆ, ಅಗಸೆ, ಪುಂಡಿ. ಒಂದು ತಿಂಗಳ ಕಾಲ ದಿನಕ್ಕೊಂದೆರಡು ಹಳ್ಳಿಯಂತೆ ಬಂಡಿಗಳು ಸಾಗುತ್ತವೆ. ಊರ ಬಾಯಿಗೆ ಬಂದ ಕೂಡಲೇ ಡಪ್ಪು ಬಾರಿಸುವವರು, ಕೋಲಾಟದವರು, ಆರತಿ ಹಿಡಿದ ಹೆಂಗಸರು ಎದುರುಗೊಳ್ಳುತ್ತಾರೆ. ಮೆರವಣಿಗೆ ಊರೊಳಗೆ ಹೋಗಿ ಗುಡಿಯ ಮುಂದೋ ಚಾವಡಿಯ ಮುಂದೋ ನಿಂತ ಮೇಲೆ ಸಭೆ. ಯಾವ ಬೆಳೆ ಬಿಟ್ಟಿರಿ, ಯಾಕೆ ಬಿಟ್ಟಿರಿ, ಯಾರ ಮನೆಯಲ್ಲಿ ಬೀಜ ಉಳಿದಿದೆ, ಎಲ್ಲವೂ ಚರ್ಚೆಗೆ ಬರುತ್ತದೆ. ಕತ್ತಲಾದ ಮೇಲೆ ಪರದೆ ಕಟ್ಟಿ ಹೆಂಗಸರ ಸಿನಿಮಾ.

ಮಾಚನೂರಿನ ಸಮಾರೋಪ ಇದೆಲ್ಲದರ ದೊಡ್ಡ ರೂಪ. ಸಂಘದ ‘ಪಚ್ಚಸಾಲೆ’ ಎಂಬ ಮಕ್ಕಳ ಶಾಲೆಯೂ ಅಲ್ಲಿಯೇ ಇದೆ, ರೇಡಿಯೊ ಕೇಂದ್ರವೂ ಅಲ್ಲಿಯೇ. ಸುತ್ತಲ ಹಳ್ಳಿಗಳ ಹೆಂಗಸರು, ರೈತರು, ದೂರದಿಂದ ಬಂದ ವಿಜ್ಞಾನಿಗಳು, ಪತ್ರಕರ್ತರು, ವಿದ್ಯಾರ್ಥಿಗಳು ಒಂದೇ ಚಪ್ಪರದಡಿ ಕೂತು ರಾಗಿ, ಸಜ್ಜೆ, ಜೋಳದ ಊಟ ಮಾಡುತ್ತಾರೆ. ನೆಲದ ಮೇಲೆ ಬಣ್ಣ ಬಣ್ಣದ ಕಾಳುಗಳಲ್ಲಿ ಬರೆದ ರಂಗೋಲಿ. ಪಕ್ಕದಲ್ಲಿ ಬಿತ್ತುವ ಹಾಡು, ಕುಟ್ಟುವ ಹಾಡು. ಕ್ಯಾಮೆರಾದವರು ಎಲ್ಲ ಕಡೆ ಓಡಾಡುತ್ತಾರೆ, ಆದರೆ ಬೇರೆ ಕಾರ್ಯಕ್ರಮಗಳಲ್ಲಿ ಕಾಣುವ ಹಾಗೆ ಯಾರನ್ನೂ ಪಕ್ಕಕ್ಕೆ ಸರಿಸುವುದಿಲ್ಲ. ಹೊಲದಲ್ಲಿ ತಮ್ಮ ಜೊತೆ ಸಾಲು ಹಿಡಿದು ಕಳೆ ಕೀಳುವವರನ್ನೇ ಅವರು ಚಿತ್ರಿಸುತ್ತಾರೆ.

ಆ ದಿನ ಸಂಜೆಯ ಸಿನಿಮಾ ಯುವಕನ ನೆನಪಿನಲ್ಲಿ ಅಚ್ಚೊತ್ತಿದ್ದು ಅದರ ತಾಂತ್ರಿಕತೆಯಿಂದಲ್ಲ. ಪರದೆಯ ಮೇಲೆ ಒಂದು ಮುಖ ಬಂದರೆ ಚಪ್ಪರದಲ್ಲಿ ಅದೇ ಮುಖ ಎದ್ದು ನಿಲ್ಲುತ್ತಿತ್ತು. “ಅವಳು ಹೇಳಿದ್ದು ಸರಿ, ಆದರೆ ನಮ್ಮೂರಲ್ಲಿ ಹಾಗಲ್ಲ” ಎಂದು ಇನ್ನೊಬ್ಬಳ ಮಾತು. ಚಿತ್ರ ನಿಲ್ಲಿಸಿ ವಾದ, ಮತ್ತೆ ಚಿತ್ರ. ತೊಗರಿಯ ಕಾಯಿಕೊರಕಕ್ಕೆ ಬೇವಿನ ಕಷಾಯ ಸಾಕೇ, ಸಾಲದೇ ಎಂಬುದರ ಮೇಲೆ ಗಂಡಸರೂ ಸೇರಿ ಬಹಳ ಹೊತ್ತು ಮಾತಾಡಿದರು. ಮದುವೆ ಕ್ಯಾಸೆಟ್ಟನ್ನು ಮನೆಯವರು ತಮ್ಮ ತಮ್ಮ ಮುಖ ಹುಡುಕುತ್ತ ನೋಡುತ್ತಾರೆ, ನೋಡಿ ಟ್ರಂಕಿನಲ್ಲಿ ಇಡುತ್ತಾರೆ. ಇಲ್ಲಿ ಸಿನಿಮಾ ಮುಗಿದ ಮೇಲೆ ಕೆಲಸ ಶುರುವಾಗುತ್ತಿತ್ತು. ಬೀಜ ಬೇಕಾದವರು ಯಾರ ಹತ್ತಿರ ಹೋಗಬೇಕು ಎಂದು ಅಲ್ಲೇ ಗೊತ್ತುಮಾಡಿಕೊಂಡು ಎದ್ದರು.

ಆಮೇಲೆ ಮದುವೆ ಸೀಜನ್ ಮುಗಿದಾಗಲೆಲ್ಲ ಅವನು ಆ ಕಡೆ ಹೋಗುವುದು ರೂಢಿಯಾಯಿತು. ಪಸ್ತಾಪುರದಲ್ಲಿ ಎಡಿಟಿಂಗ್ ನಡೆಯುವಾಗ ಹಿಂದೆ ಕೂತು ನೋಡುತ್ತಿದ್ದ. ಹೀಗೆ ಅವನ ಕಣ್ಣ ಮುಂದೆ ಈ ಗುಂಪು ತನ್ನ ಅತಿ ದೊಡ್ಡ ಕೆಲಸಕ್ಕೆ ಕೈ ಹಾಕಿತು.

2002ರ ಮಾರ್ಚ್‌ನಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಬಿಟಿ ಹತ್ತಿಯ ಮೂರು ಹೈಬ್ರಿಡ್ ತಳಿಗಳಿಗೆ ಒಪ್ಪಿಗೆ ಸಿಕ್ಕಿತು. ಆ ಮುಂಗಾರಿನಲ್ಲೇ ವಾರಂಗಲ್ ಜಿಲ್ಲೆಯ ರೈತರು ದುಬಾರಿ ಬೀಜ ಕೊಂಡು ಬಿತ್ತಿದರು. ಜಹೀರಾಬಾದಿನಿಂದ ವಾರಂಗಲ್ ಇನ್ನೂರು ಕಿಲೋಮೀಟರಿಗೂ ದೂರ. ನೆಲ ಬೇರೆ, ಬೆಳೆ ಬೇರೆ. ಸಂಘದ ಹೆಂಗಸರು ಕ್ಯಾಮೆರಾ ಹೊತ್ತು ಬಸ್ಸು ಹತ್ತಿ, ಬಿತ್ತನೆಯಿಂದ ಬಿಡಿಸುವವರೆಗೆ ಅದೇ ಹೊಲಗಳಿಗೆ, ಅದೇ ರೈತರ ಬಳಿಗೆ ಮತ್ತೆ ಮತ್ತೆ ಹೋದರು. ಮೊದಲ ತಿಂಗಳುಗಳಲ್ಲಿ ಪರದೆಯ ಮೇಲೆ ಕಾಣುವುದು ರೈತರ ಆಸೆ. ಕೊನೆಯ ತಿಂಗಳುಗಳಲ್ಲಿ ಅದೇ ರೈತರ ಸಿಟ್ಟು, ಸಾಲದ ಲೆಕ್ಕ. ‘ವಾರಂಗಲ್ ರೈತರಿಗೆ ಬಿಟಿ ಹತ್ತಿಯ ಮೇಲೆ ಯಾಕೆ ಸಿಟ್ಟು’ ಎಂಬ ಅರ್ಥದ ಹೆಸರಿನಲ್ಲಿ ಚಿತ್ರ 2003ರಲ್ಲಿ ಹೊರಬಂತು. ಮುಂದೆ ಹಲವು ವಿದೇಶಿ ಭಾಷೆಗಳಿಗೂ ಹೋಯಿತು. ಇದರ ಜೊತೆಗೇ ಅಬ್ದುಲ್ ಖಯ್ಯೂಮ್ ಮತ್ತು ಕಿರಣ್ ಸಖ್ಖರಿ ಎಂಬ ಕೃಷಿ ವಿಜ್ಞಾನಿಗಳು ಖರ್ಚು ಮತ್ತು ಇಳುವರಿಯ ಅಂಕಿಗಳನ್ನು ಸಂಗ್ರಹಿಸಿದರು. ಕ್ಯಾಮೆರಾ ಮತ್ತು ಲೆಕ್ಕದ ಪುಸ್ತಕ ಒಂದೇ ಹೊಲದಲ್ಲಿ ನಿಂತಿದ್ದವು.

ಗುಂಪು ಅಲ್ಲಿಗೆ ನಿಲ್ಲಲಿಲ್ಲ. ಮೂರು ವರ್ಷಗಳ ಬೆಳೆಯ ಬೆನ್ನು ಹತ್ತಿದ ಇನ್ನೊಂದು ಚಿತ್ರ ಮಾಡಿತು. 2005ರಲ್ಲಿ ಆ ಮೂರು ತಳಿಗಳಿಗೆ ಆಂಧ್ರದಲ್ಲಿ ಅನುಮತಿ ಮುಂದುವರಿಯಲಿಲ್ಲ. 2007ರಲ್ಲಿ ಬಂದ ಮತ್ತೊಂದು ಚಿತ್ರಕ್ಕಾಗಿ ಹೆಂಗಸರು ದಕ್ಷಿಣ ಆಫ್ರಿಕಾ, ಮಾಲಿಗಳ ಹತ್ತಿ ಬೆಳೆಗಾರರ ಕಥೆಯನ್ನೂ ಹಿಡಿದು ತಂದರು. ಬಿಟಿ ಹತ್ತಿಯ ಬಗ್ಗೆ ದೇಶದಲ್ಲಿ ವಾದವಿವಾದ ಇಂದಿಗೂ ಮುಗಿದಿಲ್ಲ, ಮುಂದೆ ಬಂದ ತಳಿಗಳನ್ನು ಒಪ್ಪಿ ಬೆಳೆದ ರೈತರೂ ಅಪಾರ. ಆದರೆ ಮೊದಲ ವರ್ಷ ಹೊಲದಲ್ಲಿ ಆದದ್ದೇನು ಎಂಬುದಕ್ಕೆ, ಬಿತ್ತಿದವರ ಬಾಯಿಂದಲೇ ತಿಂಗಳು ತಿಂಗಳೂ ತೆಗೆದ ಸಾಕ್ಷಿ ಇದೆ. ಅದನ್ನು ತೆಗೆದವರು ಹೊಲದ ಕಷ್ಟ ಬಲ್ಲವರು. ಯಾವ ಎಲೆ ಹಳದಿಯಾದರೆ ಏನರ್ಥ, ಕಾಯಿ ಸಣ್ಣದಾದರೆ ಎಷ್ಟು ನಷ್ಟ ಎಂದು ರೈತ ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ಮೊದಲ ಚಿತ್ರದಲ್ಲಿ ಪ್ರಶ್ನೆಗಳು ಚಿಕ್ಕವು, ಉತ್ತರಗಳು ಉದ್ದ. ಎಡಿಟಿಂಗ್ ಮೇಜಿನ ಹಿಂದೆ ಕೂತು ಕಲಿತ ವಿದ್ಯೆಗಳಲ್ಲಿ ಅದನ್ನೇ ಹುಮನಾಬಾದಿನವನು ಇಂದಿಗೂ ದೊಡ್ಡದೆಂದು ಹೇಳುತ್ತಾನೆ.

ರೇಡಿಯೊದ್ದೂ ಇಂಥದೇ ಹಠ. ಗಾಳಿಯ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಯುನೆಸ್ಕೊ ನೆರವಿನಿಂದ ಮಾಚನೂರಿನಲ್ಲಿ ಕೇಂದ್ರ ತಯಾರಾದರೂ ಪ್ರಸಾರಕ್ಕೆ ಪರವಾನಗಿ ಇರಲಿಲ್ಲ. ಹೆಂಗಸರು ವರ್ಷಗಟ್ಟಲೆ ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿ, ಸಂಘದ ಸಭೆಗಳಿಗೆ ಹೊತ್ತುಕೊಂಡು ಹೋಗಿ ಕೇಳಿಸಿದರು. 2006ರಲ್ಲಿ ಸರ್ಕಾರ ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ರೇಡಿಯೊದ ಬಾಗಿಲು ತೆರೆಯಿತು. 2008ರ ಅಕ್ಟೋಬರ್ 15ರಂದು, ಗ್ರಾಮೀಣ ಮಹಿಳೆಯರ ದಿನ, ‘ಸಂಘಂ ರೇಡಿಯೊ’ ಗಾಳಿಗೆ ಬಂತು. ದೇಶದಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಪರವಾನಗಿ ಪಡೆದು ನಡೆಸಿದ ಮೊದಲ ಸಮುದಾಯ ರೇಡಿಯೊ ಅದು. ಮೈಕಿನ ಮುಂದೆ ಕೂತವರಲ್ಲಿ ಜನರಲ್ ನರಸಮ್ಮ, ಅಲ್ಗೋಳೆ ನರಸಮ್ಮ. ಸಂಜೆ ರೊಟ್ಟಿ ತಟ್ಟುತ್ತ ತಮ್ಮ ಊರಿನ ಹಾಡು, ತಮ್ಮ ಊರಿನ ಮದ್ದು, ತಮ್ಮ ಊರಿನ ಮಾತು ಕೇಳುವ ಸುಖ ಎಷ್ಟೋ ಹಳ್ಳಿಗಳಿಗೆ ಸಿಕ್ಕಿತು.

ಸತೀಶರನ್ನು ಆ ಯುವಕ ಜಾತ್ರೆಗಳಲ್ಲಿ ದೂರದಿಂದ ಕಂಡಿದ್ದ. ಸಿರಿಧಾನ್ಯಗಳು ಪಡಿತರಕ್ಕೆ ಬರಬೇಕೆಂದು ಅವರು ದೇಶವೆಲ್ಲ ಸುತ್ತಿ ವಾದಿಸಿದರು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಅಕ್ಕಿ, ಗೋಧಿಯ ಜೊತೆ ಈ ಧಾನ್ಯಗಳಿಗೂ ಜಾಗ ಸಿಕ್ಕಿತು. 2019ರಲ್ಲಿ ಸಂಘಗಳ ಕೆಲಸಕ್ಕೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ. ಆ ವರ್ಷದ ಮಾರ್ಚ್ 19ರಂದು ಸತೀಶ್ ತೀರಿಕೊಂಡರು. ಮಾರನೆಯ ವರ್ಷದ ಸಂಕ್ರಾಂತಿಗೂ ಬಂಡಿಗಳು ಹೊರಟವು. ಕಟ್ಟಿದವರು ಹೋದ ಮೇಲೆ ಜಾತ್ರೆ ನಡೆಯುತ್ತದೆಯೇ ಎಂದು ಕೇಳುತ್ತಿದ್ದವರಿಗೆ ಹೆಂಗಸರು ಕೊಟ್ಟ ಉತ್ತರ ಎತ್ತಿನ ಕೊರಳ ಗಂಟೆಯಲ್ಲಿ ಊರೂರಿಗೆ ಕೇಳಿಸಿತು.

ಹುಮನಾಬಾದಿನ ವಿಡಿಯೊಗ್ರಾಫರ್ ಈಗ ಐವತ್ತರ ಹತ್ತಿರ. ಮದುವೆಗಳಿಗೆ ಡ್ರೋನ್ ಬಂದಿದೆ, ಆ ಕೆಲಸವನ್ನು ಹುಡುಗರು ನೋಡಿಕೊಳ್ಳುತ್ತಾರೆ. ಸೋದರಮಾವನ ಊರಿನ ಸ್ತ್ರೀಶಕ್ತಿ ಸಂಘದವರಿಗೆ ಅವನು ಭಾನುವಾರಗಳಲ್ಲಿ ಫೋನಿನಲ್ಲೇ ಸಿನಿಮಾ ತೆಗೆಯುವುದನ್ನು ಕಲಿಸುತ್ತಿದ್ದಾನೆ. ಪಸ್ತಾಪುರದವರಿಗೆ ಕ್ಯಾಮೆರಾ ಸಿಕ್ಕಿದ್ದು ದೊಡ್ಡ ಸಂಗತಿಯಾಗಿತ್ತು. ಇಲ್ಲಿ ಪ್ರತಿ ಮನೆಯಲ್ಲೂ ಒಂದು ಕ್ಯಾಮೆರಾ ಇದೆ, ಯಾವುದನ್ನು ತೆಗೆಯಬೇಕು ಎಂಬುದೇ ಮಾತು. ಬೀದರ್ ಜಿಲ್ಲೆಯ ಹೊಲಗಳನ್ನು ಸೋಯಾ ಆವರಿಸಿದೆ. ಜೋಳ, ಹೆಸರು, ಉದ್ದು ಬೆಳೆಯುತ್ತಿದ್ದ ಎಷ್ಟೋ ಮನೆಗಳವರು ಇಂದು ರೊಟ್ಟಿಯ ಜೋಳವನ್ನೂ ಕೊಂಡು ತರುತ್ತಾರೆ. ಅದರ ಮೇಲೆಯೇ ಮೊದಲ ಸಿನಿಮಾ ಆಗಲಿ ಎಂದು ಕೆಲವರು. ರೇಷನ್ ಅಂಗಡಿಯ ಸರದಿ ತೆಗೆಯೋಣ ಎಂದು ಕೆಲವರು.

ಮಾತು ಮುಗಿಸಿದ್ದು ಸಂಘದ ಹಿರಿಯಾಕೆ. “ಎಳ್ಳಮಾಸಿ ಬರ್ತದಲ್ಲ, ಭಜ್ಜಿ ಮಾಡೂದು ತಗೀರಿ. ಒಂದೊಂದು ಕಾಯಿಪಲ್ಲೆ, ಒಂದೊಂದು ಕಾಳು ಯಾರ ಹೊಲದಿಂದ ಬಂತು, ಯಾವುದು ಪ್ಯಾಟಿಯಿಂದ ಬಂತು, ಎಲ್ಲಾ ಕೇಳ್ರಿ.” ಎಳ್ಳ ಅಮಾವಾಸ್ಯೆಗೆ ಈ ಭಾಗದ ಮನೆ ಮನೆಯವರೂ ಹೊಲಕ್ಕೆ ಹೋಗಿ, ಹಸಿ ಕಾಳು ಸೊಪ್ಪುಗಳ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುತ್ತಾರೆ. ಕೆಲಸ ಹಂಚಿಕೆಯಾಯಿತು: ಹಿಂದಿನ ದಿನದ ಸಂತೆ ಇಬ್ಬರಿಗೆ, ನಸುಕಿನ ಒಲೆ ಇಬ್ಬರಿಗೆ, ಹೊಲದ ಪೂಜೆ ಮತ್ತು ಊಟ ಉಳಿದವರಿಗೆ. ಕತ್ತರಿಸಿ ಜೋಡಿಸುವಾಗ ಎಲ್ಲರೂ ಕೂರಬೇಕು, ತೋರಿಸುವುದು ಸಂಕ್ರಾಂತಿಯ ರಾತ್ರಿ ಹನುಮಾನ ಗುಡಿಯ ಮುಂದೆ ಎಂದು ಗೊತ್ತಾಯಿತು. ಪರದೆಗೆ ಬಿಳಿ ಧೋತರ ಯಾರ ಮನೆಯಲ್ಲಿದೆ ಎಂದು ವಿಚಾರಿಸುತ್ತಿದ್ದಾರೆ.